ನಮ್ಮವರು ಗೆದ್ದರು, ಬೀದಿ ಖಾಲಿಯಾಯಿತು

2003ರ ಮಾರ್ಚ್ 11ರಂದು ಅಮೆರಿಕದ ಪ್ರತಿನಿಧಿಗಳ ಸಭೆಯ ಕ್ಯಾಂಟೀನುಗಳಲ್ಲಿ ಕರಿದ ಆಲೂಗಡ್ಡೆಯ ಹೆಸರು ಬದಲಾಯಿತು. ಅಲ್ಲಿಯವರೆಗೆ ಫ್ರೆಂಚ್ ಫ್ರೈಸ್ ಆಗಿದ್ದದ್ದು ಅಂದಿನಿಂದ ಫ್ರೀಡಂ ಫ್ರೈಸ್. ಇರಾಕ್ ಮೇಲೆ ದಂಡೆತ್ತಿ ಹೋಗಲು ಫ್ರಾನ್ಸ್ ವಿಶ್ವಸಂಸ್ಥೆಯಲ್ಲಿ ಒಪ್ಪಿಗೆ ಕೊಡುತ್ತಿಲ್ಲ ಎಂಬ ಸಿಟ್ಟು ಅದು. ಹೆಸರು ಬದಲಾಯಿಸಿದ ಇಬ್ಬರು ಸದಸ್ಯರಲ್ಲಿ ಒಬ್ಬರು ಉತ್ತರ ಕ್ಯಾರೊಲಿನಾದ ರಿಪಬ್ಲಿಕನ್ ವಾಲ್ಟರ್ ಜೋನ್ಸ್. ತಮ್ಮ ಕ್ಷೇತ್ರದ ಹೋಟೆಲಿನವರೊಬ್ಬರು ಮೆನುವಿನಲ್ಲಿ ಹೀಗೆ ತಿದ್ದಿದ್ದು ಅವರಿಗೆ ಹಿಡಿಸಿತ್ತು. ಕ್ಯಾಲಿಫೋರ್ನಿಯಾದ ಓಕ್ಲಂಡಿನಲ್ಲಿ ಟೀವಿ ಮುಂದೆ ಕೂತಿದ್ದ ನನಗೆ, ಆ ಮನುಷ್ಯ ಯಾರು, ಯಾವ ಊರಿನವನು, ಯಾಕೆ ಹೀಗೆ ಮಾಡಿದ ಎಂದು ತಿಳಿದುಕೊಳ್ಳಬೇಕೆಂದೇ ಅನ್ನಿಸಲಿಲ್ಲ. ಯುದ್ಧ ಬೇಕೆನ್ನುವವರ ಸಾಲಿನಲ್ಲಿ ಅವರನ್ನು ನಿಲ್ಲಿಸಿ ಮರೆತುಬಿಟ್ಟೆ. ನನ್ನಂಥ ಬಹಳ ಜನ ಲಿಬರಲ್‌ಗಳು ಹಾಗೆಯೇ ಮಾಡಿದರು. ಆ ಮರೆವಿಗೆ ನಾವು ತೆತ್ತ ಬೆಲೆ ಎಷ್ಟೆಂದು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಊರಿಗೆ ಬಂದಾಗಲೆಲ್ಲ ಕೇಳುವ ಪ್ರಶ್ನೆಯೊಂದಿದೆ: ‘ನಿಮ್ಮ ಅಮೆರಿಕ ಎರಡು ಹೋಳಾಗಿದೆಯಂತಲ್ಲ?’ ಹೌದು, ಆಗಿದೆ. ಆದರೆ ಆ ಸೀಳು ಯಾವ ಜಾಗದಲ್ಲಿ ಬಿದ್ದಿದೆ ಎಂಬುದನ್ನು ರಿಪಬ್ಲಿಕನ್ನರ ಕೆಂಪು ರಾಜ್ಯ, ಡೆಮಾಕ್ರಟರ ನೀಲಿ ರಾಜ್ಯಗಳ ನಕಾಶೆ ಸರಿಯಾಗಿ ತೋರಿಸುವುದಿಲ್ಲ. ಯುದ್ಧದ ವಿಷಯ ಬಂದಾಗ ಸೀಳು ಪಕ್ಷಗಳ ನಡುವೆ ಮಾತ್ರ ಇರುವುದಿಲ್ಲ. ಯುದ್ಧಕ್ಕೆ ಮಕ್ಕಳನ್ನು ಕಳಿಸುವ ಮನೆಗಳಿಗೂ ಯುದ್ಧದ ಬಗ್ಗೆ ಮಾತಾಡುವ ಮನೆಗಳಿಗೂ ನಡುವೆ ಒಂದಿದೆ. ಯುದ್ಧವನ್ನು ಯಾವಾಗಲೂ ವಿರೋಧಿಸುವವರಿಗೂ ಎದುರು ಪಕ್ಷದವರು ಮಾಡಿದ ಯುದ್ಧವನ್ನು ಮಾತ್ರ ವಿರೋಧಿಸುವವರಿಗೂ ನಡುವೆ ಇನ್ನೊಂದಿದೆ. ಈ ಕೊನೆಯದು ನಮ್ಮ ಲಿಬರಲ್‌ಗಳ ಮನೆಯೊಳಗಿನದೇ. ನಾನು ಬರೆಯಬೇಕೆಂದಿರುವುದು ಅದರ ಬಗ್ಗೆ.

ಮೊದಲು ವಿಯೆಟ್ನಾಂ, ಏಕೆಂದರೆ ಈ ದೇಶದಲ್ಲಿ ಯುದ್ಧವಿರೋಧ ಎಂದ ಕೂಡಲೇ ಕಣ್ಣಿಗೆ ಕಟ್ಟುವ ಚಿತ್ರಗಳೆಲ್ಲ ಆಗ ಮೂಡಿದವು. 1964ರ ಆಗಸ್ಟ್ 7ರಂದು ಟಾಂಕಿನ್ ಕೊಲ್ಲಿಯ ನಿರ್ಣಯ ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ ಯುದ್ಧದ ಅಧಿಕಾರ ಕೊಟ್ಟಾಗ ಪ್ರತಿನಿಧಿಗಳ ಸಭೆಯಲ್ಲಿ ಪರವಾಗಿ 416 ಮತ, ವಿರುದ್ಧ ಒಂದೂ ಇಲ್ಲ. ಸೆನೆಟ್‌ನಲ್ಲಿ 88ಕ್ಕೆ 2. ಬೇಡ ಎಂದ ಇಬ್ಬರು ಆರಿಗನ್ನಿನ ವೇಯ್ನ್ ಮೋರ್ಸ್ ಮತ್ತು ಅಲಾಸ್ಕಾದ ಅರ್ನೆಸ್ಟ್ ಗ್ರೂನಿಂಗ್. ಇಬ್ಬರೂ ಡೆಮಾಕ್ರಟರು, ಅಧ್ಯಕ್ಷರೂ ಡೆಮಾಕ್ರಟರೇ. ತಮ್ಮ ಮನೆಯ ಹಿರಿಯನಿಗೇ ಎದುರು ನಿಂತ ಇವರಿಬ್ಬರೂ 1968ರಲ್ಲಿ ತಮ್ಮ ಸ್ಥಾನ ಕಳೆದುಕೊಂಡರು.

ಆಗ ಕಡ್ಡಾಯ ಸೇನಾಭರ್ತಿಯಿತ್ತು. ಹದಿನೆಂಟು ತುಂಬಿದ ಹುಡುಗ ಹೆಸರು ಬರೆಸಬೇಕು, ಕರೆ ಬಂದರೆ ಹೊರಡಬೇಕು. ಕಾಲೇಜಿನಲ್ಲಿ ಓದುತ್ತಿದ್ದವನಿಗೆ ವಿನಾಯಿತಿ. ಹಾಗಾಗಿ ಕಾಲೇಜಿಗೆ ಹೋಗಲು ದುಡ್ಡಿಲ್ಲದ ಮನೆಗಳಿಂದ, ಗಾರೆ ಕೆಲಸದವರ, ಗಣಿಯವರ, ರೈತರ, ಕರಿಯರ ಮನೆಗಳಿಂದ ಹುಡುಗರು ಹೆಚ್ಚಾಗಿ ಹೋದರು. ವಿದ್ಯಾರ್ಥಿಗಳು ಯುದ್ಧ ವಿರೋಧಿಸಿದರು, ದುಡಿಯುವವರು ಬೆಂಬಲಿಸಿದರು ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಅಂದಿನ ಸಮೀಕ್ಷೆಗಳು ಬೇರೆಯದನ್ನು ಹೇಳುತ್ತವೆ. ಯುದ್ಧದ ಬಹುಕಾಲ, ಹೆಚ್ಚು ಓದಿದವರಲ್ಲೇ ಯುದ್ಧಕ್ಕೆ ಬೆಂಬಲ ಹೆಚ್ಚಿತ್ತು. ಕಡಿಮೆ ಓದಿದವರು, ಬಡವರು ಅದು ಬೇಡವೆಂದು ಮೊದಲೇ ಹೇಳುತ್ತಿದ್ದರು. ಆದರೆ ಯುದ್ಧ ಬೇಡವೆಂದ ಅದೇ ಬಡಾವಣೆಗಳಿಗೆ ಯುದ್ಧವಿರೋಧಿ ಚಳವಳಿಯ ಮೇಲೂ ಸಿಟ್ಟಿತ್ತು. ನಮ್ಮ ಮಗ ಅಲ್ಲಿ ಸಾಯುತ್ತಿರುವಾಗ ಇಲ್ಲಿ ವಿನಾಯಿತಿ ಪಡೆದವನು ಬಾವುಟ ಸುಡುತ್ತಿದ್ದಾನಲ್ಲ ಎಂಬ ಸಿಟ್ಟು. ಇದನ್ನು ನಾವು ಅರ್ಥ ಮಾಡಿಕೊಳ್ಳಲಿಲ್ಲ. ರಿಚರ್ಡ್ ನಿಕ್ಸನ್ ಮಾಡಿಕೊಂಡರು. 1969ರ ನವೆಂಬರ್ 3ರ ಭಾಷಣದಲ್ಲಿ ಅವರು ‘ಮೌನವಾಗಿರುವ ಬಹುಸಂಖ್ಯಾತರು’ ಎಂದು ಕರೆದದ್ದು ಈ ಮನೆಗಳನ್ನೇ.

1970ರ ಮೇ ತಿಂಗಳಿನ ನಾಲ್ಕು ದಿನಗಳಲ್ಲಿ ಇದು ಬಟಾಬಯಲಾಯಿತು. ಮೇ 4ರಂದು ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು 13 ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿ ನಾಲ್ಕು ವಿದ್ಯಾರ್ಥಿಗಳನ್ನು ಕೊಂದರು, ಒಂಬತ್ತು ಮಂದಿಗೆ ಗಾಯವಾಯಿತು. ಸತ್ತವರಲ್ಲಿ ಇಬ್ಬರು ಅಲ್ಲಿ ನಡೆಯುತ್ತಿದ್ದ ಯುದ್ಧವಿರೋಧಿ ಪ್ರತಿಭಟನೆಯಲ್ಲಿ ಇರಲೇ ಇಲ್ಲ. ನಂತರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 58ರಷ್ಟು ಜನ ತಪ್ಪು ವಿದ್ಯಾರ್ಥಿಗಳದ್ದೇ ಎಂದರು. ಸೈನಿಕರದ್ದು ಎಂದವರು ಶೇ. 11 ಮಾತ್ರ. ಮೇ 8ರಂದು ನ್ಯೂಯಾರ್ಕಿನ ವಾಲ್ ಸ್ಟ್ರೀಟ್ ಬಳಿ, ಸತ್ತವರಿಗಾಗಿ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಹೆಲ್ಮೆಟ್ ಹಾಕಿದ್ದ ಕಟ್ಟಡ ಕಾರ್ಮಿಕರು ಮುಗಿಬಿದ್ದರು. ಎಪ್ಪತ್ತರಷ್ಟು ಜನ ಗಾಯಗೊಂಡರು. ಸತ್ತ ವಿದ್ಯಾರ್ಥಿಗಳ ಗೌರವಕ್ಕೆಂದು ಸಿಟಿ ಹಾಲಿನಲ್ಲಿ ಅರ್ಧಕ್ಕಿಳಿಸಿದ್ದ ಬಾವುಟವನ್ನು ಕಾರ್ಮಿಕರು ಒತ್ತಾಯಿಸಿ ಪೂರ್ತಿ ಏರಿಸಿದರು. ಅವರಲ್ಲಿ ಹಲವರು ಹತ್ತಿರದಲ್ಲೇ ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟುತ್ತಿದ್ದವರು. ಅದೇ ತಿಂಗಳು ಕಾರ್ಮಿಕ ಸಂಘದ ಮುಖಂಡ ಪೀಟರ್ ಬ್ರೆನನ್ ಶ್ವೇತಭವನಕ್ಕೆ ಹೋಗಿ ನಿಕ್ಸನ್‌ಗೆ ಹೆಲ್ಮೆಟ್ ಒಂದನ್ನು ಕೊಟ್ಟರು. ಮುಂದೆ ನಿಕ್ಸನ್ ಬ್ರೆನನ್‌ರನ್ನು ಕಾರ್ಮಿಕ ಸಚಿವರನ್ನಾಗಿ ಮಾಡಿಕೊಂಡರು. ಡೆಮಾಕ್ರಟಿಕ್ ಪಕ್ಷದ ಬೆನ್ನೆಲುಬಾಗಿದ್ದ ದುಡಿಯುವ ಕೈಗಳು ಆಚೆ ಸರಿಯುವುದಕ್ಕೆ ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಅಂದು ಬಿದ್ದ ಪೆಟ್ಟು ಮಾಯಲಿಲ್ಲ.

ಕಡ್ಡಾಯ ಭರ್ತಿ 1973ರಲ್ಲಿ ನಿಂತಿತು. ಒಳ್ಳೆಯದೇ ಆಯಿತು ಎಂದು ನಾವೆಲ್ಲ ಭಾವಿಸಿದೆವು. ಆದರೆ ಅಂದಿನಿಂದ ಯುದ್ಧ ಎಂಬುದು ಬೇರೆ ಯಾರದೋ ಮನೆಯ ವಿಷಯವಾಗಿಬಿಟ್ಟಿತು. ಇವತ್ತು ಸಕ್ರಿಯ ಸೇನೆಯಲ್ಲಿರುವವರು ದೇಶದ ಜನಸಂಖ್ಯೆಯ ನೂರಕ್ಕೆ ಅರ್ಧದಷ್ಟೂ ಇಲ್ಲ. ಓಕ್ಲಂಡಿನ ನಮ್ಮ ಬೀದಿಯಲ್ಲಿ ಇಪ್ಪತ್ತೈದು ವರ್ಷಗಳಲ್ಲಿ ಒಬ್ಬನೇ ಒಬ್ಬ ಹುಡುಗನೂ ಸೈನ್ಯಕ್ಕೆ ಸೇರಿದ್ದನ್ನು ನಾನು ಕಂಡಿಲ್ಲ. ಹೀಗಿರುವಲ್ಲಿ ಯುದ್ಧದ ಪರ, ವಿರೋಧ ಎರಡೂ ಮೈಗೆ ತಾಗದ ಅಭಿಪ್ರಾಯಗಳಾಗುತ್ತವೆ. ಕಾರಿನ ಹಿಂದೆ ಅಂಟಿಸುವ ಸ್ಟಿಕ್ಕರ್‌ನಷ್ಟು ಹಗುರವಾಗುತ್ತವೆ.

ನಮ್ಮ ಊರಿನ ಒಬ್ಬ ಹೆಣ್ಣುಮಗಳಿಗೆ ಮಾತ್ರ ಅದು ಹಗುರವಾಗಿರಲಿಲ್ಲ. 2001ರ ಸೆಪ್ಟೆಂಬರ್ 14ರಂದು, ಅವಳಿ ಗೋಪುರಗಳು ಕುಸಿದು ಮೂರು ದಿನವಾಗಿದ್ದಾಗ, ಅಧ್ಯಕ್ಷ ಜಾರ್ಜ್ ಬುಷ್‌ಗೆ ಸೇನೆ ಬಳಸುವ ಅಧಿಕಾರ ಕೊಡುವ ನಿರ್ಣಯ ಬಂತು. ಅದರ ತಿರುಳು ಇಂಗ್ಲಿಷಿನಲ್ಲಿ ಅರವತ್ತೇ ಪದ. ಎಲ್ಲಿ, ಎಷ್ಟು ದಿನ ಎಂಬ ಮಿತಿಯೇ ಅದರಲ್ಲಿರಲಿಲ್ಲ. ಸೆನೆಟ್‌ನಲ್ಲಿ 98ಕ್ಕೆ ಸೊನ್ನೆ. ಪ್ರತಿನಿಧಿಗಳ ಸಭೆಯಲ್ಲಿ 420ಕ್ಕೆ 1. ಆ ಒಂದು ಮತ ಓಕ್ಲಂಡನ್ನು ಪ್ರತಿನಿಧಿಸುತ್ತಿದ್ದ ಬಾರ್ಬರಾ ಲೀ ಅವರದು. ಸೇನಾಧಿಕಾರಿಯ ಮಗಳು, ಓದಿದ್ದು ಸಮಾಜಕಾರ್ಯ. ಅಂದು ಮಧ್ಯಾಹ್ನ ವಾಷಿಂಗ್ಟನ್ನಿನ ನ್ಯಾಷನಲ್ ಕ್ಯಾಥೆಡ್ರಲ್‌ನಲ್ಲಿ ನಡೆದ ಶೋಕಸಭೆಯಲ್ಲಿ ಪಾದ್ರಿಯೊಬ್ಬರು, ನಾವು ಹಳಿಯುವ ಕೇಡೇ ನಾವಾಗದಿರಲಿ ಎಂದು ಪ್ರಾರ್ಥಿಸಿದ್ದರು. ಅದು ಲೀ ಅವರ ಮನಸ್ಸಿನಲ್ಲಿ ನಿಂತಿತು. ಸಭೆಯಲ್ಲಿ ಎದ್ದು ನಿಂತಾಗ ಗಂಟಲು ಕಟ್ಟಿತ್ತು. ಒಂದು ಕ್ಷಣ ಹಿಂದೆ ಸರಿಯೋಣ, ನಮ್ಮ ಕೃತ್ಯ ಕೈಮೀರಿ ಹೋಗದಂತೆ ಯೋಚಿಸೋಣ ಎಂದಷ್ಟೇ ಅವರು ಕೇಳಿದ್ದು. ಮರುದಿನದಿಂದ ಕೊಲೆ ಬೆದರಿಕೆಗಳು ಬಂದವು, ಕಾವಲಿಗೆ ಪೊಲೀಸರು ಬಂದರು.

ಆ ದಿನ ನಾನು ಅವರನ್ನು ಮೆಚ್ಚಲಿಲ್ಲ ಎಂಬುದನ್ನು ಬರೆಯಲೇಬೇಕು. ನನಗೆ ಹೆದರಿಕೆಯಾಗಿತ್ತು. ಅವರ ಮತದ ಮರುದಿನವೇ ಅರಿಜೋನಾದ ಮೇಸಾದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಬಲಬೀರ್ ಸಿಂಗ್ ಸೋಧಿ ಎಂಬ ಸಿಖ್ಖರನ್ನು, ಪೇಟ ನೋಡಿ ಶತ್ರುವೆಂದು ತಿಳಿದು ಒಬ್ಬ ಗುಂಡಿಟ್ಟು ಕೊಂದಿದ್ದ. ನಮ್ಮ ಮೈಬಣ್ಣದವರೆಲ್ಲ ಅಂಗಡಿ ಬಾಗಿಲಿಗೆ, ಕಾರಿಗೆ ಅಮೆರಿಕದ ಬಾವುಟ ಕಟ್ಟಿಕೊಂಡೆವು. ನನ್ನ ಗಂಡ ಎಚ್-1ಬಿ ವೀಸಾದಲ್ಲಿದ್ದರು, ನಾನು ಅವರ ಅವಲಂಬಿತೆಯ ವೀಸಾದಲ್ಲಿ. 2003ರ ಫೆಬ್ರುವರಿಯಲ್ಲಿ ಜಗತ್ತಿನ ಆರುನೂರರಷ್ಟು ಊರುಗಳಲ್ಲಿ ಜನ ಬೀದಿಗಿಳಿದಾಗ, ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಸ್ಟ್ರೀಟ್ ತುಂಬಿ ಹರಿಯುತ್ತಿದ್ದಾಗ, ತುಮಕೂರಿನಿಂದ ಅಮ್ಮ ಫೋನ್ ಮಾಡಿದ್ದರು. ‘ಮೆರವಣಿಗೆ ಗಿರವಣಿಗೆ ಅಂತ ಹೋಗಬೇಡ ಕಣೆ. ಫೋಟೋ ಹಿಡೀತಾರಂತೆ. ವೀಸಾ ಹೋದರೆ ಗತಿಯೇನು?’ ನಾನು ಹೋಗಲಿಲ್ಲ. ಆ ಏಪ್ರಿಲ್‌ನಲ್ಲಿ ಭಾರತದ ಸಂಸತ್ತು ಯುದ್ಧವನ್ನು ‘ನಿಂದಾ’ ಎಂಬ ಪದ ಬಳಸಿ ಖಂಡಿಸಿತು ಎಂದು ಓದಿದಾಗ, ನಾನು ಹುಟ್ಟಿದ ದೇಶ ಹೇಳಿದಷ್ಟನ್ನೂ ನಾನು ಬಾಯಿಬಿಟ್ಟು ಹೇಳಲಾರದೆ ಕೂತಿದ್ದೇನಲ್ಲ ಎನ್ನಿಸಿತು.

ಆದರೆ ಹೆದರಿದ್ದು ನನ್ನಂಥ ವೀಸಾದವರು ಮಾತ್ರವಲ್ಲ. ಇರಾಕ್ ಯುದ್ಧದ ನಿರ್ಣಯ 2002ರ ಅಕ್ಟೋಬರ್‌ನಲ್ಲಿ ಬಂದಾಗ ಪ್ರತಿನಿಧಿಗಳ ಸಭೆಯಲ್ಲಿ 296ಕ್ಕೆ 133, ಸೆನೆಟ್‌ನಲ್ಲಿ 77ಕ್ಕೆ 23. ಸೆನೆಟ್‌ನ ಐವತ್ತು ಡೆಮಾಕ್ರಟರಲ್ಲಿ 29 ಮಂದಿ ಬುಷ್ ಪರ ಕೈಯೆತ್ತಿದರು. ಹಿಲರಿ ಕ್ಲಿಂಟನ್, ಜೋ ಬೈಡನ್, ಜಾನ್ ಕೆರಿ ಮೂವರೂ ಅವರಲ್ಲಿದ್ದರು. 1971ರಲ್ಲಿ ಸೈನಿಕನ ಉಡುಪಿನಲ್ಲೇ ಸೆನೆಟ್ ಸಮಿತಿಯ ಮುಂದೆ ಕೂತು ವಿಯೆಟ್ನಾಂ ಯುದ್ಧ ತಪ್ಪು ಎಂದು ಹೇಳಿದ್ದ ಕೆರಿ ಅವರೇ. ಚುನಾವಣೆಗೆ ಒಂದು ತಿಂಗಳೂ ಇರಲಿಲ್ಲ. ದೇಶಪ್ರೇಮವಿಲ್ಲದವರು ಎನ್ನಿಸಿಕೊಳ್ಳುವ ಭಯ ಯುದ್ಧದ ಭಯಕ್ಕಿಂತ ದೊಡ್ಡದಾಗಿತ್ತು. ಅಂದು ವಿರುದ್ಧ ಮತ ಹಾಕಿದ ಮಿನೆಸೋಟಾದ ಪಾಲ್ ವೆಲ್‌ಸ್ಟೋನ್ ಮಾತ್ರ ಬಿರುಸಿನ ಸ್ಪರ್ಧೆಯ ನಡುವೆಯೇ ಆ ಧೈರ್ಯ ಮಾಡಿದ್ದರು. ಎರಡು ವಾರದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಬುಷ್ 2003ರ ಫೆಬ್ರುವರಿಯ ಆ ಜನಸಾಗರವನ್ನು ಗ್ರಾಹಕರ ಅಭಿಪ್ರಾಯ ಸಂಗ್ರಹಕ್ಕೆ ಹೋಲಿಸಿ ತಳ್ಳಿಹಾಕಿದರು. ಬೀದಿ ನೋಡಿ ನೀತಿ ಮಾಡುವುದಿಲ್ಲ ಎಂಬ ಅರ್ಥದಲ್ಲಿ. ಮಾರ್ಚ್ 20ಕ್ಕೆ ಬಾಗ್ದಾದ್ ಮೇಲೆ ಬಾಂಬು ಬಿತ್ತು. ಹತ್ತರಲ್ಲಿ ಏಳು ಅಮೆರಿಕನ್ನರು ಯುದ್ಧದ ಪರವಿದ್ದರು. ಹಾಡುಗಾರರ ಗುಂಪಾದ ಡಿಕ್ಸಿ ಚಿಕ್ಸ್‌ನ ನ್ಯಾಟಲಿ ಮೇನ್ಸ್, ಅಧ್ಯಕ್ಷರು ನಮ್ಮ ಟೆಕ್ಸಸ್‌ನವರೆಂದು ನಾಚಿಕೆಯಾಗುತ್ತದೆ ಎಂದು ಲಂಡನ್ನಿನ ವೇದಿಕೆಯಲ್ಲಿ ಅಂದದ್ದಕ್ಕೆ ಅವರ ಹಾಡುಗಳನ್ನು ರೇಡಿಯೊಗಳು ನಿಲ್ಲಿಸಿದವು. ಜನ ಅವರ ಸಿಡಿಗಳನ್ನು ಒಡೆದು ಪುಡಿ ಮಾಡಿದರು. ಯಾವ ಅಸ್ತ್ರಗಳಿವೆ ಎಂದು ಹೇಳಿ ಹೋದರೋ ಆ ಅಸ್ತ್ರಗಳು ಇರಾಕಿನಲ್ಲಿ ಸಿಗಲಿಲ್ಲ. ಸತ್ತ ಅಮೆರಿಕನ್ ಸೈನಿಕರು ಸುಮಾರು 4,500. ಸತ್ತ ಇರಾಕಿ ನಾಗರಿಕರು ಲಕ್ಷಕ್ಕೂ ಮೀರಿ.

2004ರಲ್ಲಿ ನಮಗೆ ಗ್ರೀನ್ ಕಾರ್ಡ್ ಬಂತು. ನಾನು ಬೀದಿಗೆ ಬಂದೆ. ರಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದು, ಕೋಲಿಗೆ ಹೊಡೆದು, ಎಳೆಗೂಸನ್ನು ಎದೆಗೆ ಕಟ್ಟಿಕೊಂಡು ನಡೆದೆ. ನಿಜ ಹೇಳಬೇಕೆಂದರೆ ಆ ವರ್ಷಗಳು ನನಗೆ ಈ ದೇಶವನ್ನು ನನ್ನದಾಗಿಸಿದವು. ಪಕ್ಕದಲ್ಲಿ ನಡೆಯುತ್ತಿದ್ದ ವಯಸ್ಸಾದ ಬಿಳಿಯ ಹೆಂಗಸು ಕುಡಿಯಲು ನೀರು ಕೊಡುತ್ತಿದ್ದಳು, ಬಂದರಿನ ಹಮಾಲಿ ನನ್ನ ಮಗುವಿನ ತಲೆಗೆ ತನ್ನ ಟೋಪಿ ಹಾಕುತ್ತಿದ್ದ.

ಆ ಕಾಲದ ಮುಖವೆಂದರೆ ಸಿಂಡಿ ಶೀಹನ್. ನಮ್ಮಿಂದ ಒಂದು ಗಂಟೆ ದೂರದ ವ್ಯಾಕವಿಲ್‌ನವರು. ಮಗ ಕೇಸಿ 2004ರ ಏಪ್ರಿಲ್ 4ರಂದು ಬಾಗ್ದಾದಿನ ಸದರ್ ಸಿಟಿಯಲ್ಲಿ ಸತ್ತಿದ್ದ. 2005ರ ಆಗಸ್ಟ್‌ನಲ್ಲಿ ಬುಷ್ ರಜೆಗೆಂದು ಟೆಕ್ಸಸ್‌ನ ಕ್ರಾಫರ್ಡಿನ ತಮ್ಮ ತೋಟದ ಮನೆಯಲ್ಲಿದ್ದಾಗ, ಆ ದಾರಿಯ ಚರಂಡಿ ಪಕ್ಕ ಈ ತಾಯಿ ಕೂತುಬಿಟ್ಟರು. ನನ್ನ ಮಗ ಯಾವ ಘನಕಾರ್ಯಕ್ಕೆ ಸತ್ತ, ಹೇಳಿ ಎಂಬುದೊಂದೇ ಬೇಡಿಕೆ. ಸಾವಿರಾರು ಜನ ಸೇರಿದರು. ಸತ್ತ ಸೈನಿಕರ ಹೆಸರು ಬರೆದ ಬಿಳಿ ಶಿಲುಬೆಗಳನ್ನು ದಾರಿಯುದ್ದಕ್ಕೂ ನೆಟ್ಟರು. ಹಾಗೆ ನೆಟ್ಟಲ್ಲಿ ತನ್ನ ಮಗನ ಹೆಸರು ಕಂಡ ಒಬ್ಬ ತಂದೆ ಬಂದು ಆ ಶಿಲುಬೆಯನ್ನು ಕಿತ್ತುಕೊಂಡು ಹೋದರು. ನನ್ನ ಮಗ ನಂಬಿದ್ದಕ್ಕಾಗಿ ಸತ್ತ, ಅವನನ್ನು ನಿಮ್ಮ ಸಾಲಿಗೆ ಸೇರಿಸಬೇಡಿ ಎಂದು. ಇಬ್ಬರೂ ಮಗನನ್ನು ಕಳೆದುಕೊಂಡವರೇ. ಈ ದೇಶದ ಒಡಕು ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಕಿತ್ತ ಶಿಲುಬೆಯ ಗುಳಿ.

2006ರ ನವೆಂಬರ್‌ನಲ್ಲಿ ಡೆಮಾಕ್ರಟರು ಎರಡೂ ಸದನಗಳನ್ನು ಗೆದ್ದರು. ಗೆಲ್ಲಿಸಿದ್ದು ಬಹುಮಟ್ಟಿಗೆ ಇರಾಕಿನ ಮೇಲಿನ ಸಿಟ್ಟು. 2007ರ ಮೇ ತಿಂಗಳಲ್ಲಿ ಅವರ ಬಹುಮತವಿದ್ದ ಅದೇ ಸಂಸತ್ತು, ಸೇನೆ ವಾಪಸಾಗುವ ಗಡುವನ್ನು ಹಾಕದೆಯೇ ಯುದ್ಧಕ್ಕೆ ಹಣ ಮಂಜೂರು ಮಾಡಿತು. ಶೀಹನ್ ಇದನ್ನು ಬಾಯಿಬಿಟ್ಟು ಖಂಡಿಸಿದರು. ಬುಷ್‌ನನ್ನು ಬೈಯುವವರೆಗೆ ಹೊತ್ತು ಮೆರೆಸಿದವರೇ, ಡೆಮಾಕ್ರಟರನ್ನು ಬೈದ ಕೂಡಲೇ ಆಕೆಗೆ ತಲೆ ಕೆಟ್ಟಿದೆ ಎಂದರು. ಆ ತಿಂಗಳ ಕೊನೆಗೆ ಆಕೆ ಚಳವಳಿಯ ಮುಂದಾಳ್ತನವನ್ನೂ ಪಕ್ಷವನ್ನೂ ಬಿಟ್ಟರು. ಮರುವರ್ಷ ಸ್ಪೀಕರ್ ನ್ಯಾನ್ಸಿ ಪೆಲೋಸಿ ವಿರುದ್ಧ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಕ್ಷೇತರರಾಗಿ ನಿಂತು ಶೇ. 16ರಷ್ಟು ಮತ ಪಡೆದು ಸೋತರು. ಆಗ ನಾನೂ ಗೆಳತಿಯರ ಬಳಿ ಅಂದಿದ್ದೆ: ‘ಪಾಪ, ಆಕೆಗೆ ರಾಜಕೀಯ ಗೊತ್ತಾಗುವುದಿಲ್ಲ.’ ಆ ಮಾತಿಗೆ ನನಗೆ ಇಂದು ನಾಚಿಕೆಯಿದೆ. ಆಕೆ ಕೇಳುತ್ತಿದ್ದ ಪ್ರಶ್ನೆ ಒಂದಿಷ್ಟೂ ಬದಲಾಗಿರಲಿಲ್ಲ. ಉತ್ತರ ಕೊಡಬೇಕಾದವರು ಬದಲಾಗಿದ್ದರು, ಅಷ್ಟೆ.

2008ರ ನವೆಂಬರ್ 4ರ ರಾತ್ರಿ ಬರಾಕ್ ಒಬಾಮಾ ಗೆದ್ದಾಗ ಓಕ್ಲಂಡಿನ ಬೀದಿಗಳಲ್ಲಿ ಜನ ಕುಣಿದರು. ನನಗಿನ್ನೂ ಮತವಿರಲಿಲ್ಲ, ಆದರೂ ಎರಡು ತಿಂಗಳು ದಿನಾ ಸಂಜೆ ಕೂತು ನೆವಾಡಾದ ಮತದಾರರಿಗೆ ಫೋನ್ ಮಾಡಿದ್ದೆ. 2002ರ ಅಕ್ಟೋಬರ್ 2ರಂದು, ಇನ್ನೂ ಇಲಿನಾಯ್ ರಾಜ್ಯದ ಸೆನೆಟರ್ ಆಗಿದ್ದಾಗಲೇ, ಶಿಕಾಗೋದಲ್ಲಿ ನಿಂತು ಇರಾಕ್ ಯುದ್ಧ ಬೇಡವೆಂದ ಮನುಷ್ಯ ಅವರು. ಆದರೆ ಅದೇ ಭಾಷಣದಲ್ಲಿ, ಎಲ್ಲ ಯುದ್ಧಗಳನ್ನೂ ವಿರೋಧಿಸುವವನು ನಾನಲ್ಲ ಎಂದೂ ಅವರು ಮತ್ತೆ ಮತ್ತೆ ಹೇಳಿದ್ದರು. ಅವರು ನಮ್ಮಿಂದ ಏನನ್ನೂ ಮುಚ್ಚಿಡಲಿಲ್ಲ. ನಾವು ನಮಗೆ ಬೇಕಾದ ಅರ್ಧವನ್ನಷ್ಟೇ ಕೇಳಿಸಿಕೊಂಡೆವು.

2009ರ ಡಿಸೆಂಬರ್ 1ರಂದು ಒಬಾಮಾ ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಸೈನಿಕರನ್ನು ಕಳಿಸುವುದಾಗಿ ಘೋಷಿಸಿದರು. ಹತ್ತು ದಿನದೊಳಗೆ ಆಸ್ಲೋದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಆ ಇಪ್ಪತ್ತು ವರ್ಷಗಳ ಯುದ್ಧದಲ್ಲಿ ಅತಿ ಹೆಚ್ಚು ಅಮೆರಿಕನ್ ಸೈನಿಕರು ಸತ್ತ ವರ್ಷ 2010. ಪಾಕಿಸ್ತಾನದ ಗುಡ್ಡಗಾಡಿನ ಮೇಲೆ ಡ್ರೋನ್ ದಾಳಿಗಳು ಬುಷ್ ಕಾಲಕ್ಕಿಂತ ಬಹಳ ಹೆಚ್ಚಾದವು. 2011ರಲ್ಲಿ ಸಂಸತ್ತನ್ನು ಕೇಳದೆ ಲಿಬಿಯಾದ ಮೇಲೆ ಬಾಂಬು ಹಾಕಲಾಯಿತು. ವಿಯೆಟ್ನಾಂನ ಕಹಿ ಪಾಠದಿಂದ, ನಿಕ್ಸನ್ ವೀಟೊವನ್ನೂ ಮೀರಿ 1973ರಲ್ಲಿ ತಂದ ಯುದ್ಧಾಧಿಕಾರ ಕಾಯ್ದೆಯ ಪ್ರಕಾರ, ಸಂಸತ್ತಿನ ಒಪ್ಪಿಗೆಯಿಲ್ಲದೆ ಅಧ್ಯಕ್ಷರು ಅರವತ್ತು ದಿನಕ್ಕಿಂತ ಹೆಚ್ಚು ಕಾಳಗ ನಡೆಸುವಂತಿಲ್ಲ. ಲಿಬಿಯಾದಲ್ಲಿ ಅರವತ್ತು ದಿನ ಕಳೆದವು. ಇದು ಕಾಯ್ದೆ ಹೇಳುವ ಅರ್ಥದ ಕಾಳಗವೇ ಅಲ್ಲ ಎಂಬ ವಾದ ಶ್ವೇತಭವನದಿಂದ ಬಂತು. ಬುಷ್ ಇದೇ ಮಾತಾಡಿದ್ದರೆ ಮಾರ್ಕೆಟ್ ಸ್ಟ್ರೀಟ್ ಮತ್ತೆ ತುಂಬುತ್ತಿತ್ತು. ಯಾರೂ ಬರಲಿಲ್ಲ. ನಾನೂ ಹೋಗಲಿಲ್ಲ. ನನ್ನ ರಟ್ಟು ಗ್ಯಾರೇಜಿನಲ್ಲಿ ಹಳೆಯ ಸೂಟ್‌ಕೇಸುಗಳ ಹಿಂದೆ ಒರಗಿತ್ತು.

ಮೈಕಲ್ ಹೀನಿ ಮತ್ತು ಫೇಬಿಯೊ ರೋಹಾಸ್ ಎಂಬ ಇಬ್ಬರು ವಿದ್ವಾಂಸರು ಆ ವರ್ಷಗಳ ಮೆರವಣಿಗೆಗಳಲ್ಲೇ ನಿಂತು, ಬಂದವರನ್ನು ಒಬ್ಬೊಬ್ಬರಾಗಿ ಮಾತಾಡಿಸಿ ಒಂದು ಅಧ್ಯಯನ ಮಾಡಿದ್ದಾರೆ. ಒಬಾಮಾ ಗೆದ್ದ ಮೇಲೆ ಬೀದಿಯಿಂದ ಕರಗಿಹೋದವರು ಮುಖ್ಯವಾಗಿ ಡೆಮಾಕ್ರಟರು, ಉಳಿದವರು ಯಾವ ಪಕ್ಷಕ್ಕೂ ಸೇರದವರು ಎಂಬುದು ಅವರು ಕಂಡುಕೊಂಡದ್ದು. ಯುದ್ಧ ನಿಂತಿತ್ತೆಂದು ಜನ ಮನೆಗೆ ಹೋದದ್ದಲ್ಲ, ತಮ್ಮ ಪಕ್ಷ ಗೆದ್ದಿತೆಂದು ಹೋದರು. ಓದಿದಾಗ ಅದರ ಪುಟಗಳಲ್ಲಿ ನನ್ನನ್ನೇ ಕಂಡೆ. ಇದನ್ನು ಸಮರ್ಥಿಸುವ ಮಾತುಗಳು ನನಗೂ ಗೊತ್ತು. ಆರ್ಥಿಕತೆ ಕುಸಿದಿತ್ತು, ಆರೋಗ್ಯ ವಿಮೆಯ ಕಾಯ್ದೆಗಾಗಿ ಹೋರಾಡಬೇಕಿತ್ತು, ಮೊದಲ ಕರಿಯ ಅಧ್ಯಕ್ಷರ ಮೇಲೆ ಜನಾಂಗದ್ವೇಷದ ದಾಳಿ ನಡೆಯುತ್ತಿತ್ತು. ಅವನ್ನೆಲ್ಲ ನಾನು ಹಗುರ ಮಾಡುವುದಿಲ್ಲ. ಆದರೆ ಕಂದಹಾರದ ಹಳ್ಳಿಯವರಿಗೆ ಬಾಂಬು ಹಾಕಿಸಿದ ಅಧ್ಯಕ್ಷರ ಪಕ್ಷ ಯಾವುದೆಂಬುದರಿಂದ ಏನೂ ವ್ಯತ್ಯಾಸವಾಗಿರಲಿಲ್ಲ. ನಮಗೆ ಆಯಿತು.

ಬಾರ್ಬರಾ ಲೀ ಅವರಿಗೆ ಆಗಿರಲಿಲ್ಲ. ಬಹಳ ಜನರಿಗೆ ನೆನಪಿಲ್ಲದ ಸಂಗತಿಯೊಂದಿದೆ. 1999ರ ಮಾರ್ಚ್‌ನಲ್ಲಿ, ಅವರದೇ ಪಕ್ಷದ ಬಿಲ್ ಕ್ಲಿಂಟನ್ ಯುಗೊಸ್ಲಾವಿಯದ ಮೇಲೆ ಬಾಂಬ್ ದಾಳಿ ಶುರುಮಾಡಿದಾಗ, ಆ ದಾಳಿಯಲ್ಲಿ ತೊಡಗಿದ್ದ ಅಮೆರಿಕದ ಸೇನೆಯನ್ನು ಬೆಂಬಲಿಸುವ ನಿರ್ಣಯಕ್ಕೆ ಸಭೆ 424ಕ್ಕೆ 1ರಿಂದ ಒಪ್ಪಿಗೆ ಕೊಟ್ಟಿತ್ತು. ಆ 1 ಕೂಡ ಅವರದೇ. 2001ರ ಅರವತ್ತು ಪದಗಳನ್ನು ರದ್ದು ಮಾಡಬೇಕೆಂದು ಒಬಾಮಾ ಕಾಲದಲ್ಲೂ ಟ್ರಂಪ್ ಕಾಲದಲ್ಲೂ ಅವರು ಬಿಡದೆ ತಿದ್ದುಪಡಿ ತಂದರು. ಅಷ್ಟರಲ್ಲಿ ಎರಡೂ ಪಕ್ಷಗಳ ಅಧ್ಯಕ್ಷರು ಅದೇ ಪದಗಳ ಬಲದ ಮೇಲೆ ಹತ್ತಕ್ಕೂ ಹೆಚ್ಚು ದೇಶಗಳಲ್ಲಿ ಸೇನೆ ಬಳಸಿದ್ದರು. 2001ರಲ್ಲಿ ಹುಟ್ಟೇ ಇರದ ಸಂಘಟನೆಗಳ ಮೇಲೂ. 2017ರ ಜೂನ್‌ನಲ್ಲಿ ಸಮಿತಿಯೊಂದರಲ್ಲಿ ರಿಪಬ್ಲಿಕನ್ನರೂ ಒಪ್ಪಿ ಅವರ ತಿದ್ದುಪಡಿ ಪಾಸಾಯಿತು, ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಅದನ್ನು ನಂತರ ಮುಖಂಡರು ಮಸೂದೆಯಿಂದ ಕಿತ್ತುಹಾಕಿದ್ದು ಬೇರೆ ಮಾತು. ನನ್ನನ್ನು ತಟ್ಟಿದ್ದು ಆ ಚಪ್ಪಾಳೆ. ಹದಿನಾರು ವರ್ಷ ಹಿಂದೆ ಒಂಟಿಯಾಗಿದ್ದವಳ ಜೊತೆ ಎದುರು ಪಕ್ಷದವರು ನಿಂತಿದ್ದರು, ಏಕೆಂದರೆ ಆಕೆ ಯಾವ ಪಕ್ಷಕ್ಕಾಗಿಯೂ ಮಾತಾಡುತ್ತಿರಲಿಲ್ಲ ಎಂಬುದು ಅವರಿಗೂ ಮನದಟ್ಟಾಗಿತ್ತು.

ಇನ್ನು ವಾಲ್ಟರ್ ಜೋನ್ಸ್. ಅವರ ಕ್ಷೇತ್ರದಲ್ಲಿ ಕ್ಯಾಂಪ್ ಲೆಜ್ಯೂನ್ ಎಂಬ ನೌಕಾಪದಾತಿಗಳ ದೊಡ್ಡ ನೆಲೆಯಿದೆ. ಯುದ್ಧ ಶುರುವಾದ ಮರುತಿಂಗಳೇ ಅಲ್ಲಿ ಒಬ್ಬ ಸೈನಿಕನ ಅಂತ್ಯಸಂಸ್ಕಾರಕ್ಕೆ ಅವರು ಹೋದರು. ತಾನು ಕಂಡೇ ಇರದ ಅವಳಿ ಮಕ್ಕಳನ್ನು ಬಿಟ್ಟು ಸತ್ತವನು ಅವನು. ಅವನು ಬರೆದ ಕೊನೆಯ ಪತ್ರವನ್ನು ಹೆಂಡತಿ ಓದಿದರು. ಅಲ್ಲಿಂದ ಬಂದ ಮೇಲೆ ಜೋನ್ಸ್ ಸತ್ತ ಸೈನಿಕರ ಮನೆಗಳಿಗೆ ಪತ್ರ ಬರೆಯತೊಡಗಿದರು. ಒಟ್ಟು ಹನ್ನೊಂದು ಸಾವಿರಕ್ಕೂ ಹೆಚ್ಚು ಪತ್ರಗಳಿಗೆ ಸಹಿ ಮಾಡಿದರು. ಸತ್ತವರ ಫೋಟೊಗಳನ್ನು ತಮ್ಮ ಕಚೇರಿಯ ಹೊರಗಿನ ಮೊಗಸಾಲೆಯಲ್ಲಿ ಸಾಲಾಗಿ ಇಟ್ಟರು. 2005ರಲ್ಲಿ, ಇಬ್ಬರು ಡೆಮಾಕ್ರಟರು ಮತ್ತು ಇನ್ನೊಬ್ಬ ರಿಪಬ್ಲಿಕನ್ ಜೊತೆ ಸೇರಿ, ಇರಾಕಿನಿಂದ ಸೇನೆ ಹಿಂತೆಗೆಯಬೇಕೆಂಬ ನಿರ್ಣಯ ಮಂಡಿಸಿದರು. ಶ್ವೇತಭವನದಲ್ಲಿ ಅವರದೇ ಪಕ್ಷವಿತ್ತು. ಯುದ್ಧಕ್ಕೆ ಹಾಕಿದ ಮತ ತನ್ನ ಪಾಪ, ಆ ಪತ್ರಗಳು ದೇವರಲ್ಲಿ ಕ್ಷಮೆ ಕೇಳುವ ದಾರಿ ಎಂದು ಕೊನೆಯವರೆಗೂ ಹೇಳುತ್ತಿದ್ದರು. 2019ರ ಫೆಬ್ರುವರಿ 10ರಂದು ತೀರಿಕೊಂಡರು.

ಗರ್ಭಪಾತ, ಬಂದೂಕು, ತೆರಿಗೆ, ಯಾವುದರಲ್ಲೂ ನನಗೂ ಅವರಿಗೂ ಹೊಂದಿಕೆಯಿರಲಿಲ್ಲ. ನಾನು ಆಲೂಗಡ್ಡೆಯ ಮನುಷ್ಯ ಎಂದು ಅವರನ್ನು ಬದಿಗಿಟ್ಟ ಆ ವರ್ಷಗಳಲ್ಲಿ ಅವರು ರಾತ್ರಿ ಕೂತು ತಾಯಂದಿರಿಗೆ ಬರೆಯುತ್ತಿದ್ದರು. 2009ರಲ್ಲಿ ನಾನು ಸುಮ್ಮನಾದಾಗ ಅವರು ಸುಮ್ಮನಾಗಲಿಲ್ಲ, ಅಫ್ಘಾನಿಸ್ತಾನದಿಂದಲೂ ಸೇನೆ ಬರಲಿ ಎಂದು ಕೇಳುತ್ತಲೇ ಇದ್ದರು. ಯುದ್ಧವಿರೋಧವನ್ನು ನಾವು ಲಿಬರಲ್‌ಗಳ ಸ್ವಂತ ಆಸ್ತಿಯೆಂದು ತಿಳಿದು ಸುತ್ತ ಬೇಲಿ ಹಾಕಿಕೊಂಡಿದ್ದೆವು. ಬೇಲಿಯಾಚೆ ಸೈನಿಕರ ಊರುಗಳಲ್ಲಿ ನಮಗಿಂತ ಹೆಚ್ಚು ದಣಿದವರಿದ್ದರು. ಅವರ ಬಾಗಿಲು ತಟ್ಟಿದ್ದರೆ ಏನಾಗುತ್ತಿತ್ತೋ. ಯಾರೂ ತಟ್ಟದೆ ಉಳಿದ ಆ ದಣಿವನ್ನು ಮುಂದೆ 2016ರಲ್ಲಿ ಡೊನಾಲ್ಡ್ ಟ್ರಂಪ್ ತಟ್ಟಿದರು. ಇರಾಕ್ ಯುದ್ಧ ದೊಡ್ಡ ತಪ್ಪು ಎಂದು ರಿಪಬ್ಲಿಕನ್ ವೇದಿಕೆಯ ಮೇಲೇ ನಿಂತು ಹೇಳಿದರು. ಎದುರಿಗೆ ನಮ್ಮ ಅಭ್ಯರ್ಥಿಯಾಗಿದ್ದವರು 2002ರಲ್ಲಿ ಆ ಯುದ್ಧಕ್ಕೆ ಮತ ಹಾಕಿದ್ದ ಹಿಲರಿ.

2024ರ ಏಪ್ರಿಲ್‌ನಲ್ಲಿ ನನ್ನ ಮಗಳು, ಅಂದು ಎದೆಗೆ ಕಟ್ಟಿಕೊಂಡು ನಡೆದಿದ್ದ ಮಗು, ಬರ್ಕ್ಲಿಯಲ್ಲಿ ಎರಡನೇ ವರ್ಷದ ವಿದ್ಯಾರ್ಥಿನಿ. ಗಾಜಾದ ಮೇಲಿನ ಇಸ್ರೇಲಿನ ಯುದ್ಧಕ್ಕೆ ಅಮೆರಿಕ ಆಯುಧ ಕೊಡುವುದನ್ನು ನಿಲ್ಲಿಸಬೇಕೆಂದು ದೇಶದುದ್ದಕ್ಕೂ ವಿದ್ಯಾರ್ಥಿಗಳು ಡೇರೆ ಹಾಕಿದ್ದರು. ಬರ್ಕ್ಲಿಯಲ್ಲಿ ಡೇರೆಗಳೆದ್ದದ್ದು ಸ್ಪ್ರೌಲ್ ಹಾಲಿನ ಮೆಟ್ಟಿಲುಗಳ ಬಳಿ, 1964ರಲ್ಲಿ ವಾಕ್ ಸ್ವಾತಂತ್ರ್ಯದ ಚಳವಳಿ ನಡೆದ ಜಾಗದಲ್ಲೇ. ಈ ಸಲ ಶ್ವೇತಭವನದಲ್ಲಿದ್ದವರು ಜೋ ಬೈಡನ್, ನಮ್ಮವರು. ಆ ಫೆಬ್ರುವರಿಯಲ್ಲಿ ಮಿಷಿಗನ್ನಿನ ಪ್ರಾಥಮಿಕ ಚುನಾವಣೆಯಲ್ಲಿ ಲಕ್ಷಕ್ಕೂ ಹೆಚ್ಚು ಡೆಮಾಕ್ರಟಿಕ್ ಮತದಾರರು ಬೈಡನ್‌ಗೆ ಹಾಕದೆ ‘ಯಾರಿಗೂ ಬದ್ಧರಲ್ಲ’ ಎಂದು ಮತ ಹಾಕಿದ್ದರು. ನನಗೆ ನಡುಕ ಬಂದಿತ್ತು. ನವೆಂಬರ್‌ನಲ್ಲಿ ಟ್ರಂಪ್ ಗೆದ್ದರೆ?

ಶನಿವಾರ ಮನೆಗೆ ಬಂದ ಮಗಳು ಗ್ಯಾರೇಜಿಗೆ ಹೋಗಿ ಮಲಗುವ ಚೀಲ ಹುಡುಕುತ್ತಿದ್ದಳು. ‘ಡೇರೆಗೆ ಹೋಗಬೇಡ ಕಣೆ’ ಎಂದೆ. ನನ್ನ ಬಾಯಲ್ಲಿ ಅಮ್ಮನ ದನಿಯೇ ಬಂತು. ಆದರೆ ಅಮ್ಮನಿಗೆ ಮಗಳ ಚಿಂತೆಯಿತ್ತು, ನನಗಿದ್ದದ್ದು ಚುನಾವಣೆಯ ಚಿಂತೆ. ‘ಈ ವರ್ಷ ಬೇಡ. ಬೈಡನ್‌ಗೆ ಏಟು ಬೀಳುತ್ತೆ.’

ಅವಳು ಸೂಟ್‌ಕೇಸುಗಳನ್ನು ಸರಿಸಿದಾಗ ಹಿಂದಿದ್ದ ರಟ್ಟು ಕೈಗೆ ಸಿಕ್ಕಿತು. ಕೆಂಪು ಬಣ್ಣ ಮಾಸಿತ್ತು, ಕೋಲು ಸಡಿಲವಾಗಿತ್ತು. ಧೂಳು ಒರೆಸಿ ಓದಿದಳು.

‘ಅಮ್ಮ, ಇದನ್ನ ಕೊನೇ ಸಲ ಯಾವಾಗ ಹಿಡಿದಿದ್ದೆ?’

ಬೇಸಗೆಯಲ್ಲಿ, 2008ರಲ್ಲಿ, ಎಂದು ಹೇಳಿದೆ. ಅವಳು ಮತ್ತೇನೂ ಕೇಳಲಿಲ್ಲ. ಮಲಗುವ ಚೀಲವನ್ನು ಹೆಗಲಿಗೆ ಹಾಕಿಕೊಂಡು, ರಟ್ಟನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಮಾರನೆಯ ಸಂಜೆ ನಾನು ಚಿತ್ರಾನ್ನ ಕಲಸಿ ದೊಡ್ಡ ಡಬ್ಬಿಗೆ ತುಂಬಿಕೊಂಡು ಬರ್ಕ್ಲಿಗೆ ಹೋದೆ.